ಬೇರೆ ಹಂಡೆಯ ಬಣ್ಣ

ಟ್ರೊಮ್ಸೊದಲ್ಲಿ ಸೂರ್ಯ ಮೂಡದೆ ಇಂದಿಗೆ ಹದಿನೇಳು ದಿನ.
ಬಂದರಿನ ಹಳೆ ಮೀನುಗೋದಾಮಿನ ಮಾಳಿಗೆಯಲ್ಲಿ
ರೆಂಡರ್ ಯಂತ್ರಗಳೆರಡು ಗುಂಯ್‌ಗುಡುತ್ತ
ಅರವತ್ತೊಂದು ತಾಸು ನಮ್ಮನ್ನು ಬೆಚ್ಚಗಿಟ್ಟವು.
ಬೆಳಿಗ್ಗೆ ಸದ್ದು ನಿಂತಿತ್ತು.
ಬೂಟಿನ ಹಿಮವನ್ನೂ ಕೊಡವದೆ
ಯೂರುನ್ ಪರದೆಯ ಮುಂದೆ ಕೂತಳು.

ಒಂದು ದೋಣಿ, ಒಂದು ಲಾಂದ್ರ,
ಮಿಕ್ಕದ್ದೆಲ್ಲ ಆಕಾಶ:
ಕಡುನೀಲಿ ತನಗೇ ತಿಳಿಯದಂತೆ
ಗುಲಾಬಿಗೆ ಇಳಿಯಬೇಕು.
ಇಳಿಯಿತು,
ಆರುನೂರ ಹತ್ತನೆಯ ಫ್ರೇಮಿನ ತನಕ.
ಹನ್ನೊಂದರಿಂದ ಆಕಾಶಕ್ಕೆ ಮೆಟ್ಟಿಲು.

ನನ್ನದು ಧ್ವನಿಯ ಕೆಲಸ,
ಬಣ್ಣದ ಜಗಳದಲ್ಲಿ ಬಾಯಿ ಹಾಕುವವನಲ್ಲ.
ಆದರೂ ಕಂಡಿತು. ಕುರುಡನಿಗೂ ಕಾಣುತ್ತಿತ್ತು.

ಕಡತಗಳ ಹೆಸರು ಒಂದೇ, ಅಂಕಿ ಸಾಲಾಗಿ,
ಬಾಲದಲ್ಲಿ ಎಲ್ಲಕ್ಕೂ ಅದೇ ಪಿಎನ್‌ಜಿ.
ಒಳಗೆ ಮಾತ್ರ ಇವು ಹದಿನಾರು, ಅವು ಎಂಟು.
ತೂಕ ಅರ್ಧಕ್ಕಿಳಿದಿತ್ತು, ಯಾರು ನೋಡಿದರು?
ಎಂಟು ಬಿಟ್ಟಿಗೆ ಇನ್ನೂರೈವತ್ತಾರು ಮೆಟ್ಟಿಲು.
ಹಗಲಿಗೆ ಧಾರಾಳ.
ನಮ್ಮ ಕತ್ತಲಿನ ಪಾಲಿಗೆ ಬಂದದ್ದು ಹನ್ನೊಂದೋ ಹನ್ನೆರಡೋ.
ಬಿಟ್ ಎಂಬುದರಲ್ಲೇ ಇದೆಯಲ್ಲ,
ಬಿಟ್ಟುಹೋದದ್ದು.

"ಪರೀಕ್ಷೆಗೆಂದು ಎಂಟಕ್ಕಿಟ್ಟೆ" ಅಂದ ಆಸ್ಲಕ್,
"ಎರಡನೇ ಯಂತ್ರ. ಮರೆತೆ."
ಸ್ವಲ್ಪ ತಡೆದು,
"ಹದಿನಾರಾಗಿ ಮತ್ತೆ ಉಳಿಸಿದರೆ?"

ಸೇರಿನಲ್ಲಿ ಅಳೆದು ತಂದದ್ದನ್ನು
ಕೊಳಗಕ್ಕೆ ಸುರಿದಂತೆ.
ಕೊಳಗ ದೊಡ್ಡದು, ಕಾಳು ಅಷ್ಟೇ.

"ಮೇಲೆ ಒಂದಿಷ್ಟು ಮರಳುಮರಳಾಗಿ ಗದ್ದಲ ಚೆಲ್ಲೋಣ,
ಮೆಟ್ಟಿಲು ಮುಚ್ಚುತ್ತದೆ. ಎಲ್ಲರೂ ಮಾಡುತ್ತಾರೆ."
ಸುಳ್ಳಲ್ಲ, ಮಾಡುತ್ತಾರೆ.
ಯೂರುನ್ ಉತ್ತರ ಕೊಡಲಿಲ್ಲ.
ಎದ್ದು ಕಿಟಕಿಗೆ ಹೋಗಿ
ಎರಡೂ ತೋಳು ಚಾಚಿದಳು ಬೆಳಕಿಗೆ,
ಮಧ್ಯಾಹ್ನ ಬಂದು ಹೋಗುವ ಆ ತುಸು ಬೆಳಕಿಗೆ.

ಸ್ವೆಟರು ಅವಳ ಅತ್ತೆ ಹೆಣೆದದ್ದು.
ಎಡತೋಳಿಗೆ ನೂಲು ಸಾಲದೆ
ಪೇಟೆಗೆ ಹೋಗಿ ಅದೇ ನೀಲಿ ತಂದಳಂತೆ,
ಅದೇ ಹೆಸರು, ಅದೇ ಕಂಪನಿ, ಅದೇ ಚೀಟಿ,
ಅದ್ದಿದ ಹಂಡೆ ಬೇರೆ.
ದೀಪದಡಿ ಒಂದೇ.
ಇಲ್ಲಿ, ಈ ಹೊತ್ತಿಗೆ,
ಎಡತೋಳು ಯಾರದೋ ಎರವಲು.

"ಇಪ್ಪತ್ತು ವರ್ಷ ತೊಟ್ಟಿದ್ದೇನೆ" ಅಂದಳು,
"ಒಂದು ದಿನವೂ ಕಾಣದೆ ಹೋಗಿಲ್ಲ."

ಹೊರಗೆ ಕೊಲ್ಲಿಯ ಮೇಲೆ
ನೀಲಿ ಗುಲಾಬಿಗೆ ಇಳಿಯುತ್ತಿತ್ತು.
ಎಲ್ಲಿ ಕಾಲಿಟ್ಟಿತು ಎಂದು ಹುಡುಕಿದೆ,
ಸಿಗಲಿಲ್ಲ.

ಐನೂರ ಮೂವತ್ತು ಫ್ರೇಮು ಅಳಿಸಿದಳು.
ಎರಡೂ ಯಂತ್ರದ ಎದುರು ಆಸ್ಲಕನನ್ನು ನಿಲ್ಲಿಸಿ
ಗಟ್ಟಿಯಾಗಿ ಓದಿಸಿದಳು, ಮಗ್ಗಿ ಒಪ್ಪಿಸಿದ ಹಾಗೆ:
ಪಿಎನ್‌ಜಿ, ಹದಿನಾರು. ಪಿಎನ್‌ಜಿ, ಹದಿನಾರು.
ಇಪ್ಪತ್ತಾರೂವರೆ ತಾಸು ಅಂದಿತು ಪರದೆ.

ಮತ್ತೆ ಗುಂಯ್ ಶುರುವಾಯಿತು.
ಆಸ್ಲಕ್ ಕಾಫಿಗೆ ನೀರಿಟ್ಟ.
ಯೂರುನ್ ತೋಳು ಮಡಚಿಕೊಂಡಳು,
ಮೊದಲು ಎಡಗಡೆಯದು.