ಎರಡು ಶೀಸೆ

ಜತ್ತ ತಾಲೂಕು, ಸಂಖ. ಕನ್ನಡ ಶಾಲೆಯ ಕಿಟಕಿಯಲ್ಲಿ
ಎರಡು ಶೀಸೆ ಇಟ್ಟಿದ್ದೇನೆ, ಔಷಧದವು, ಚೀಟಿ ಕಿತ್ತವು.
ಎರಡರಲ್ಲೂ ಮೂರು ಮೂರು ಚಮಚ ಎರಿ ಮಣ್ಣು,
ಕಾಂಬಳೆಯವರ ಹೊಲದ ಬದುವಿನದು.
ಒಂದಕ್ಕೆ ನಿನ್ನೆ ಸಂಜೆಯ ಮಳೆ,
ಬಯಲಿಗೆ ಬೋಗುಣಿ ಇಟ್ಟು ಹಿಡಿದದ್ದು.
ಇನ್ನೊಂದಕ್ಕೆ ಊರ ಬಾವಿಯ ಸವುಳು,
ಬ್ಯಾಳಿ ಬೇಯದ, ಸಬಕಾರ ನೊರೆಯದ,
ಹೊಸ ಸೊಸೆ ಮೊದಲ ಗುಟುಕಿಗೇ ಮುಖ ಕಿವುಚುವ ನೀರು.

ಅಲುಗಾಡಿಸಿದರು, ಎಂಟನೆಯ ಇಯತ್ತೆಯ ಹನ್ನೊಂದು ಮಂದಿ,
ಸರದಿ ಮುರಿದು.

ಖಿಚಡಿಯ ಗಂಟೆ ಹೊಡೆಯುವಷ್ಟರಲ್ಲಿ
ಸವುಳಿನ ಶೀಸೆ ತಿಳಿ.
ಮಳೆಯದು ಗುರುವಾರಕ್ಕೂ ಚಹದ ಬಣ್ಣ.

ಇಷ್ಟು ವರ್ಷ ನಾನೂ ಹನಿಯನ್ನೇ ಬೈದಿದ್ದೆ:
ಎಷ್ಟೆತ್ತರದಿಂದ ಬಂದು ಹೆಂಟೆಯ ನೆತ್ತಿಗೆ ಗುದ್ದುತ್ತದೆ ಎಂದು.
ಹೆಂಟೆ ಒಡೆಯುವುದು ಒಳಗಿನಿಂದ.
ಕಣಕಣದ ಮೈಮೇಲೂ ಋಣ
(ಋಣವಿದ್ಯುತ್ತು, ಪುಸ್ತಕದ ಮಾತು)
ಎಲ್ಲರದೂ ಒಂದೇ ಋಣ, ಅದಕ್ಕೇ ಒಬ್ಬರಿಗೊಬ್ಬರು ಸೇರುವುದಿಲ್ಲ.
ನಡುವೆ ಉಪ್ಪು, ಸುಣ್ಣ ಬಂದು ನಿಂತರೆ
ದೂಡುವ ಕೈ ಗೇಣಿನಿಂದ ಬೆರಳಿಗಿಳಿಯುತ್ತದೆ,
ಅಂಟಿಕೊಂಡು ಬಾಳುತ್ತಾರೆ ಹೇಗೋ.
ಮಳೆ ಬರುವುದು ಬರಿಗೈಲಿ.
ಬಿರುಕಿನೊಳಗೆ ಇಳಿದು ಇದ್ದ ಉಪ್ಪನ್ನೂ ತೆಳ್ಳಗೆ ಮಾಡಿ
ಎಲ್ಲರ ಕೈ ಮತ್ತೆ ಉದ್ದ ಮಾಡುತ್ತದೆ.

ಶಮಶಾದ ಮುಲ್ಲಾ ಎದ್ದು ನಿಂತಳು:
"ಹಂಗಾದ್ರ ಸಿಹಿ ನೀರು ಕೆಟ್ಟದ್ದೇನ್ರಿ ಸರ?"
ಅವಳಪ್ಪ ಬಾವಿ ತೋಡುವವ,
ಸಿಹಿ ನೀರಿಗೆಂದು ಕಲ್ಲು ಸಿಡಿಸಿ ಸಿಡಿಸಿ
ಬಲಗಿವಿ ಕಳೆದುಕೊಂಡವ.
ನಾನು ಡಸ್ಟರು ಹುಡುಕಿದೆ.
"ಉಪ್ಪಿನ ಋಣ ಅಂತಾಳ್ರಿ ನಮ್ಮ ದಾದಿ. ಅದು ಇದ ಏನ್ರಿ?"
ಇದಲ್ಲ, ಅಂದೆ.
ಆಮೇಲೆ ಸ್ಟಾಫ್ ರೂಮಿನಲ್ಲಿ ಒಬ್ಬನೇ ಕೂತಾಗ
ಅಷ್ಟು ಖಾತ್ರಿ ಇರಲಿಲ್ಲ.

ರಾತ್ರಿ ಮತ್ತೆ ಸುರಿಯಿತು.
ಹಳ್ಳ ಕಪ್ಪಗೆ ತುಂಬಿ ವಿಜಾಪುರದ ಕಡೆ ಹೊರಟಿತು,
ಗಡಿಯ ಕಲ್ಲಿಗೆ ಒಂದು ಮಾತೂ ಕೇಳದೆ.
ಕಾಂಬಳೆಯ ಸಾತಬಾರಾ ಉತಾರದಲ್ಲಿ ಮಾತ್ರ
ಎರಡೆಕರೆ ಹನ್ನೊಂದು ಗುಂಟೆ,
ನಿನ್ನೆಯಷ್ಟೇ.

ಶುಕ್ರವಾರ ಬಾಗಿಲು ತೆಗೆದರೆ ಮಳೆಯ ಶೀಸೆಯೂ ತಿಳಿ.
ಪಕ್ಕದಲ್ಲಿ, ಹುಣಸೆಗೆ ನಂಚಿಕೊಳ್ಳಲು ತರುವಂಥ
ಕಾಗದದ ಪುಡಿಕೆ, ಮಡಿಕೆಯಲ್ಲಿ
ನಾಲ್ಕು ಹರಳು.

ಯಾರೆಂದು ಕೇಳಲಿಲ್ಲ.
ಹಾಜರಿ ಕೂಗಿದೆ.
ಹೊರಗೆ ಹೊಲದುದ್ದಕ್ಕೂ ನೀರು ನಿಂತಿತ್ತು,
ಕದಡಿ, ಕೂರಲು ಒಲ್ಲದೆ.