ಮಾರಾಟಕ್ಕಲ್ಲ

ನಮ್ಮ ಶಾಲೆಯ ಸಜ್ಜಿಗೆ ಹಡಗಿನಲ್ಲಿ ಬರುತ್ತಿತ್ತು.
ಗೋಧಿಯ ನುಚ್ಚು, ಮುಗ್ಗುಲು ವಾಸನೆಯ ಎಣ್ಣೆ,
ಅಂಗುಳಕ್ಕೆ ಅಂಟಿ ಕೂರುವ ಹಾಲಿನ ಪುಡಿ.
ಬಜಾಲಿನ ಗುಡ್ಡೆಯಲ್ಲಿ ಗೋಧಿ ಕಂಡವರು ಯಾರು?
ಕುಚ್ಚಲಕ್ಕಿ ಗಂಜಿಯ ಹೊಟ್ಟೆ
ಮೊದಲ ವಾರ ಅದನ್ನು ಒಪ್ಪಲೇ ಇಲ್ಲ.
ಎರಡನೇ ವಾರ ಬಟ್ಟಲು ನೆಕ್ಕಿದೆವು.

ಗೋಣಿಯಲ್ಲ, ಬಟ್ಟೆಯ ಚೀಲ. ಅದರ ಮೇಲೆ
ಒಂದನ್ನೊಂದು ಕುಲುಕುವ ಎರಡು ಕೈ,
ಕೆಳಗೆ ಇಂಗ್ಲಿಷಿನಲ್ಲಿ ‘ಮಾರಾಟಕ್ಕಲ್ಲ’ ಎಂದು ಬರೆದಿತ್ತಂತೆ.
ಹೆಡ್‌ಮಾಸ್ಟರರು ಒಂದಕ್ಕೆ ಎಂಟಾಣೆಯಂತೆ ಮಾರಿದರು.
ಅಮ್ಮ ಎರಡು ತಂದು ನನಗೆ ಲಂಗ ಹೊಲಿದಳು.
ಎಷ್ಟು ಒಗೆದರೂ ಹೋಗದ ಆ ಕೈಗಳು
ಸರಿಯಾಗಿ ನನ್ನ ಕುಂಡೆಯ ಮೇಲೆ ಬಂದವು.
“ಅಮೆರಿಕ ಹೋಯ್ತು, ಅಮೆರಿಕ ಹೋಯ್ತು”
ಹುಡುಗರು ಗದ್ದೆ ಹುಣಿಯುದ್ದಕ್ಕೂ ಕೂಗುವರು.
ಪುಸ್ತಕದ ಚೀಲ ಹಿಂದಕ್ಕೆ ಹಿಡಿದೇ ನಡೆದೆ,
ಐದನೇ ಕ್ಲಾಸಿನವರೆಗೆ.
ಆರನೆಯದಕ್ಕೆ ಹೋಗಲಿಲ್ಲ.

ಅಂದಿನಿಂದ ಬೀಜದ ಕಾರ್ಖಾನೆ.
ಮೊದಲು ಒಡೆಯುವುದು, ಆಮೇಲೆ ಸಿಪ್ಪೆ, ಈಗ ಗ್ರೇಡಿಂಗ್.
ಬಿಳಿ ಇಡೀ ಬೀಜ, ಪೌಂಡಿಗೆ ನೂರೆಂಬತ್ತು ತೂಗುವಂಥದ್ದು,
ದುಬೈಗೆ, ಹಾಲೆಂಡಿಗೆ.
ಹೋಳು ಮುಂಬಯಿಯ ಮಿಠಾಯಿಗೆ.
ನುಚ್ಚು ನಮಗೆ, ಅದೂ ದೀಪಾವಳಿಗೆ,
ತೂಗಿ, ಸಂಬಳದಲ್ಲಿ ಹಿಡಿದುಕೊಂಡು.
ಕಣ್ಣಿಗೆ ಬಟ್ಟೆ ಕಟ್ಟಿ ಬೇಕಾದರೆ, ಬೆರಳಿಗೆ ಗೊತ್ತುಂಟು.

ನಮ್ಮ ಗುಡ್ಡೆಯ ಬೀಜ ಪತ್ತನಾಜೆಯ ಹೊತ್ತಿಗೆ ಮುಗಿಯುತ್ತದೆ.
ಉಳಿದ ತಿಂಗಳು ಅನ್ನ ಹಾಕುವುದು
ಪಣಂಬೂರಿಗೆ ಬರುವ ಆಫ್ರಿಕಾದ ಗೋಣಿ.
ರೈಟರ್ ಸದಾನಂದ ಅಕ್ಷರ ಕೂಡಿಸಿ ಓದುತ್ತಾನೆ: ಮ್ಟ್ವಾರಾ.
ನಾಲಿಗೆ ಹೊರಳದೆ ನಾವು ‘ಮುತ್ತುವಾರ’ ಎನ್ನುತ್ತೇವೆ.
ಒಮ್ಮೆ ಬೀಜದ ನಡುವೆ ಒಂದು ಗುಂಡಿ ಸಿಕ್ಕಿತು,
ನೀಲಿ, ನಾಲ್ಕು ತೂತಿನದು, ನೂಲು ಇನ್ನೂ ಅದರಲ್ಲೇ.
ಅಲ್ಲಿ ಯಾರದೋ ರವಿಕೆ ಪಿನ್ನು ಚುಚ್ಚಿಕೊಂಡಿರಬೇಕು.

ನನ್ನ ಅಜ್ಜ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿದವ.
“ನೇತ್ರಾವತಿಯ ಕೆಸರು ಹಡಗು ಹತ್ತಿ ಆಫ್ರಿಕಾ ಕಂಡಿತು,
ನಾನು ಉಳ್ಳಾಲ ದಾಟಲಿಲ್ಲ” ಎನ್ನುತ್ತಿದ್ದ.
ಆ ಹಂಚಿನಡಿ ಮಲಗಿದವರ ಮೊಮ್ಮಗಳೋ ಏನೋ
ಈ ಗುಂಡಿಯವಳು.
ಲೆಕ್ಕ ಹಾಕಿದರೆ ಬಾಕಿ ಯಾರದ್ದು?
ಜುಲಿಯಾನ ಬಾಯಿ ನಕ್ಕಳು:
“ಪುಸ್ತಕ ಯಾರ ಕೈಯಲ್ಲಿ ಉಂಟೋ
ಅವರಿಗೆ ಬಾಕಿ ಇರುವುದಿಲ್ಲ ಮಾರಾಯ್ತಿ.”

ಈ ವರ್ಷ ಹಡಗು ಕಡಿಮೆ.
ವಾರಕ್ಕೆ ಮೂರು ದಿನ ಕೆಲಸ, ಉಳಿದ ದಿನ ಗೇಟಿಗೆ ಬೀಗ.
ಈಗ ಅಲ್ಲಿಯೇ ಒಡೆಯುತ್ತಾರಂತೆ.
ಯಾವುದೋ ಚಳಿ ದೇಶ ಯಂತ್ರ ಕೊಟ್ಟಿತಂತೆ,
ಬಿಟ್ಟಿಯೋ ಸಾಲವೋ ಸದಾನಂದನಿಗೂ ತಿಳಿಯದು.
ಸಿಪ್ಪೆ ಸಮೇತ ಮಾರುತ್ತಾ ಕೂತರೆ ಬಡತನ ಹೋಗದು ಎಂದು
ಯಾರೋ ಅವರಿಗೆ ಹೇಳಿಕೊಟ್ಟರಂತೆ.
ನಿಜವೇ. ಅಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.
ಸೋಮವಾರ ಮನೆಯಲ್ಲಿ ಸುಮ್ಮನೆ ಕೂತಾಗ ಮಾತ್ರ
ಹೊಟ್ಟೆ ಉರಿಯುತ್ತದೆ.

ಅವ್ವಮ್ಮ ಆ ಯಂತ್ರಕ್ಕೆ ಶಾಪ ಹಾಕಿದಳು.
ನನಗೆ ನೆನಪಾದದ್ದು ಮೊದಲ ದಿನದ ಕೈ:
ಗೇರೆಣ್ಣೆ ತಾಗಿ ಉಗುರಿನ ಬುಡ ಕಪ್ಪಾಗಿ,
ಅಂಗೈ ಚರ್ಮ ಹಾವಿನ ಪೊರೆಯಂತೆ ಎದ್ದು,
ರಾತ್ರಿ ಗಂಜಿಗೆ ಕೈ ಹಾಕಲಾಗದೆ
ಅಮ್ಮ ಉಣಿಸಿದ್ದು.
ಯಂತ್ರದ ಜತೆ ಇದನ್ನೂ ಯಾರಾದರೂ ಹೇಳಿ ಕಳಿಸಿದ್ದಾರೆಯೇ?

ಮುತ್ತುವಾರದ ಗುಂಡಿಯವಳೇ,
ಒಲೆಯ ಬೂದಿ ಜರಡಿ ಹಿಡಿದು ಅಂಗೈಗೆ ಉಜ್ಜಿಕೋ,
ಒಡೆಯಲು ಕೂರುವ ಮೊದಲೇ.
ಸಂಜೆ ಕೂಡಲೇ ಸೋಪು ಮುಟ್ಟಬೇಡ, ಮೊದಲು ಎಣ್ಣೆ.
ಮಗುವಿನ ಕೆನ್ನೆ ಮುಟ್ಟುವ ಮುಂಚೆ ಎರಡು ಸಲ ತೊಳೆ.
ಐವತ್ತು ವರ್ಷದ ವಿದ್ಯೆ ಇದು,
ಧರ್ಮಕ್ಕೆ ಕೊಡುವವಳಲ್ಲ ನಾನು.
ಬದಲಿಗೆ ಒಂದು ಮಾತು ಕಳಿಸು
ಬರುವ ಗೋಣಿಯಲ್ಲಿ, ಗೋಣಿ ಬಂದರೆ:
ನಿನಗೆ ಕಿಲೋಗೆ ಎಷ್ಟು ಕೊಡುತ್ತಾರೆ?

ಗುಂಡಿ ನನ್ನ ಡಬ್ಬಿಯಲ್ಲುಂಟು.
ಅದನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ.