ಇನ್ನೊಂದು ನೀರು

ತಾರ್ನೂಫಿನ ದೊಡ್ಡಾಸ್ಪತ್ರೆ, ನೆಲಮಾಳಿಗೆ.
ಮೇಲೆ ಫೆಬ್ರವರಿ, ಗಾಜಿಗಂಟಿದ ಹಿಮ.
ಕೆಳಗೆ ಹನ್ನೆರಡು ತಿಂಗಳೂ ಸೆಕೆ.
ನಾನು ವ್ಯಾನಿನವನು. ಮೂಟೆ ಇಳಿಸುತ್ತೇನೆ,
ಮಡಿಕೆ ಏರಿಸುತ್ತೇನೆ, ಚೀಟಿಗೆ ಸಹಿ.
ಅಷ್ಟೇ ನನ್ನ ಸಂಬಂಧ.

ಗೆನ್ಯಾ ಇಸ್ತ್ರಿಯವಳು. ಇಪ್ಪತ್ತೆರಡು ವರ್ಷ
ಉರುಳೆಯ ಬಾಯಿಗೆ ಹಾಸು ಉಣಿಸಿ ಉಣಿಸಿ
ಹೆಬ್ಬೆರಳ ಗೆರೆ ಸವೆದು
ಬ್ಯಾಂಕಿನ ಯಂತ್ರ ಅವಳ ಗುರುತು ಹಿಡಿಯುವುದಿಲ್ಲವಂತೆ.
‘ಹಿಡಿಯಬೇಕಾದವನು ಹಿಡಿದರೆ ಸಾಕು.
ನೀನು ಎಣಿಸು, ದಿಂಬಿನ ಚೀಲ ಎರಡು ಕಡಿಮೆ.’

ಬೂದಿ ಬುಧವಾರ. ನಸುಕಿನ ಪೂಜೆ ಮುಗಿಸಿ
ನೆತ್ತಿಗೆ ಬೂದಿ ಹಾಕಿಸಿಕೊಂಡು ಬಂದಿದ್ದಳು.
ನಮ್ಮಲ್ಲಿ ಹಣೆಗೆ ಬಳಿಯುವುದಿಲ್ಲ,
ಕೂದಲೊಳಕ್ಕೆ ಒಂದು ಚಿಟಿಕೆ, ಸಾರಿಗೆ ಉಪ್ಪು ಉದುರಿಸಿದ ಹಾಗೆ:
ಮಣ್ಣು ನೀನು, ಮಣ್ಣಿಗೇ ಮರಳುವೆ.

ಹತ್ತರ ಹೊತ್ತಿಗೆ ಟೋಪಿ ತೆಗೆದು ಬೆವರೊರೆಸಿ
ಬಗ್ಗಿದಳು ನೋಡಿ,
ಆಗಷ್ಟೇ ಹೊರಬಂದ ಬಿಳಿಯ ಮೇಲೆ
ಎಳ್ಳಿನಷ್ಟು ಬೂದು.
ಊದಿದಳು. ಹೋಗಲಿಲ್ಲ.
ಬೆವರಿಗೆ ಕಲಸಿ ಗೆರೆಯಾಯಿತು.

ಬಿಡು, ಮಡಿಕೆಯೊಳಗೆ ಹೋಗುತ್ತೆ, ಎಂದೆ.
ಮಂತ್ರಿಸಿದ್ದು ತಾನೆ, ರೋಗಿಗೆ ಒಳ್ಳೆಯದೇ ಆದೀತು.
ಅರ್ಧ ತಮಾಷೆ; ನಾನು ಗುಡಿಯೊಳಗೆ ಕಾಲಿಟ್ಟು
ಹದಿನಾಲ್ಕು ವರ್ಷ.

ಹಾಸನ್ನು ಮುದ್ದೆ ಮಾಡಿ ಬುಟ್ಟಿಗೆ ಒಗೆದಳು.
‘ನನ್ನ ಪಶ್ಚಾತ್ತಾಪದ ಮೇಲೆ
ಇನ್ನೊಬ್ಬರು ಯಾಕಪ್ಪ ಮಲಗಬೇಕು?
ಇನ್ನೊಂದು ನೀರು ಕಾಣಲಿ.’

ನಲವತ್ತು ನಿಮಿಷ. ಸಿಡಿಮಿಡಿಗೊಂಡು ಕುಂತೆ.
ಪೂಜೆಯ ಬಟ್ಟಲು ಒರೆಸುವ ವಸ್ತ್ರಗಳನ್ನು
ಇವಳೇ ಮನೆಗೊಯ್ದು ಒಗೆಯುತ್ತಾಳೆ, ನನಗೆ ಗೊತ್ತು.
ರಕ್ತವಾದ ದ್ರಾಕ್ಷಾರಸ ಅದರಲ್ಲಿ ಹನಿಯಷ್ಟಾದರೂ ಉಳಿದೀತೆಂದು
ಮೊದಲ ನೀರನ್ನು ಚರಂಡಿಗೆ ಬಿಡದೆ
ಹಿತ್ತಿಲ ಲೈಲಾಕ್ ಗಿಡದ ಬುಡಕ್ಕೆ ಸುರಿಯುತ್ತಾಳೆ.
ಕುಟುಕಿದೆ: ಅಲ್ಲಿ ಅಷ್ಟು ಮಡಿ,
ಇಲ್ಲಿ ಎಲ್ಲವೂ ಗಟಾರಕ್ಕೆ?

ಮೊದಲ ಬಾರಿ ಅವಳ ಕೈ ನಿಂತಿತು.
ಯಂತ್ರ ಮಾತ್ರ ತಿರುಗುತ್ತಿತ್ತು.
‘ಈ ಹಾಸುಗಳಲ್ಲೂ ರಕ್ತವೇ ಇರುತ್ತೆ, ಝೆನೋನ್.
ಯಾರದೆಂದು ಯೋಚಿಸುತ್ತ ನಿಂತರೆ
ನನಗೆ ಕೆಲಸ ಸಾಗಲ್ಲ.’
ಮತ್ತೆ ಸೋಸುಬಲೆಯ ನೂಲುಕಸ ಕೀಳತೊಡಗಿದಳು,
ಪಾರಿವಾಳದ ಪುಕ್ಕದಂಥದು, ಹಿಡಿ ಹಿಡಿ.

ನಾಲ್ಕನೇ ವಾರ್ಡಿಗೆ ನಾನೇ ಒಯ್ದೆ. ಇನ್ನೂ ಬಿಸಿಯಿತ್ತು.
ನರ್ಸು ಹರವಿದಳು; ಮುದುಕನೊಬ್ಬ
ಒಡೆದ ಹಿಮ್ಮಡಿಗಳನ್ನು ಮೆಲ್ಲಗೆ ಚಾಚಿ
ಹಾ ಎಂದ.

ಚೀಟಿಯಲ್ಲಿ ಒಂದು ಕಾಲಂ ಇದೆ, ತಡವಾದುದಕ್ಕೆ ಕಾರಣ.
ಪೆನ್ನು ಕಚ್ಚುತ್ತ ನಿಂತೆ ತುಸು ಹೊತ್ತು.
ಕಲೆ, ಎಂದು ಬರೆದೆ.